ಕೆನ್ನೆ ಸೀಳಿದ ರಾಣಿ

ಏ ಅಕ್ಕಾ! ಬಿಡು! ಬಿಡು ಅದನ್ನ, ಉಜ್ಜಬೇಡ! ಆ ಹುಣಸೆಹಣ್ಣು ಅತ್ಲಾಗೆ ಇಡು ಅಂದೆ… ಅಯ್ಯೋ… ಅಯ್ಯಯ್ಯೋ, ಮುಗೀತಲ್ಲಪ್ಪ! ತೊಳೆದೇಬಿಟ್ಟೆಯಾ? ಯಾರು ಹೇಳಿದ್ರು ನಿನಗೆ? ಯಾರು ಹೇಳಿದ್ದು ಅಂತ ಕೇಳ್ತಿದೀನಿ! ಉಷಾನಾ? ಲೇ ಉಷಾ! ಬಾರೇ ಇಲ್ಲಿ! …ಬೇಡ, ಬರಬೇಡ, ಅಲ್ಲೇ ಇರು. ಕಡುಬು ಸೀದು ಹೋದ್ರೆ ಅದಕ್ಕೂ ಗಂಡನ್ನೇ ಬೈತೀಯ. ದೇವರ ಸಾಮಾನು ತೊಳೆಯಾಕೆ ಕೊಡು ಅಂದ್ರೆ ದೀಪ ಕೊಡಬೇಕು, ಗಂಟೆ ಕೊಡಬೇಕು, ಆರತಿ ತಟ್ಟೆ ಕೊಡಬೇಕು. ವಿಭೂತಿ ಡಬ್ಬಿ ಯಾಕೆ ಕೊಟ್ಟೆ? ಅದರ ತಳದಾಗೆ ಏನೈತೆ ಅಂತ ಒಂದು ಸಲ ನೋಡಾದು ಬೇಡ್ವಾ?

ನೋಡಕ್ಕ. ನೀನು ರಾಮಗಿರಿಯಿಂದ ಹಬ್ಬಕ್ಕೆ ಬಂದಿದೀಯ. ಈ ಮನೆ ಹೆಣ್ಮಗಳು, ನನಗಿಂತ ದೊಡ್ಡೋಳು. ತಮ್ಮ ಆದೋನು ನಿನ್ನ ಮೇಲೆ ದನಿ ಎತ್ತಬಾರದು. ಎತ್ತಬಾರದು, ಗೊತ್ತು. ಆದ್ರೆ ಎತ್ತತೀನಿ! ಯಾಕಂದ್ರೆ ನೀನು ಏನು ಮಾಡಿದೀಯ ಅಂತ ನಿನಗೆ ಗೊತ್ತಿಲ್ಲ. ನೂರು ವರ್ಷದ ಮೇಲಿನ, ಬ್ರಿಟಿಷರ ಕಾಲದ ರಾಣಿ ಮುಖದ ಬೆಳ್ಳಿ ರೂಪಾಯಿ ಅದು. ನೂರು ವರ್ಷ ಸುಮ್ಮನೆ ಕುಂತು ಕುಂತು ಕಪ್ಪು ಬಣ್ಣ ಕಟ್ಕೊಂಡಿತ್ತು. ನಾಣ್ಯ ಕೂಡಿಡೋರು ಆ ಕಪ್ಪಿಗೇ ಪ್ರಾಣ ಬಿಡ್ತಾರೆ. ಅಂಥದನ್ನ ನೀನು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ಚೆಂಬು ಬೆಳಗಿದಂಗೆ ಬೆಳಗಿ ಇಟ್ಟಿದೀಯ!

ನಗ್ತೀಯಾ? ಯಾಕೆ ನಗ್ತೀಯ? …ಹಾಂ, ಗೊತ್ತು ಬಿಡು. ಅವ್ವ ಹಿಂಗೇ ತೊಳೀತಿದ್ಲು ಅಂತ ತಾನೆ? ತೊಳೀತಿದ್ಲು. ನಮ್ಮ ಮನೆಯಾಗೆ ಮಾತ್ರ ಏನು, ಹೊಸದುರ್ಗದಾಗೆ ಯಾರ ಮನೆಗೆ ಹೋದ್ರೂ ಅಷ್ಟೇ. ದೀಪಾವಳಿ ಲಕ್ಷ್ಮೀಪೂಜೆ ಅಂದ್ರೆ ಸಾಕು, ಬೆಳ್ಳಿ ರೂಪಾಯಿ ಎಲ್ಲಾ ಬಚ್ಚಲ ಕಲ್ಲಿಗೆ ಬಂದು ಬೀಳ್ತಾವೆ. ತಿಕ್ಕು! ಇನ್ನೂ ತಿಕ್ಕು! ವರ್ಷ ವರ್ಷ ತಿಕ್ಕಿ ರಾಣಿ ಮೂಗು ಸವೆದು, ರಾಜನ ಗಡ್ಡ ಸವೆದು, ಕೊನೆಗೆ ಒಂದು ಬಿಲ್ಲೆ ಉಳಿಯುತ್ತೆ. ಅದನ್ನ ತಂದು ನನ್ನ ಪಾತ್ರೆ ಅಂಗಡಿ ಮುಂದೆ ನಿಂತ್ಕೊಂಡು 'ಪಂಚಾಕ್ಷರಪ್ಪ, ಇದು ಯಾವ ಕಾಲದ್ದು ನೋಡ್ರಿ' ಅಂತಾರೆ. ಏನು ನೋಡ್ಲಿ? ಹುಣಸೆಹಣ್ಣಿನ ಕಾಲದ್ದು!

ಜನ ನನ್ನ ನೋಡಿ ನಗ್ತಾರೆ, ಗೊತ್ತು. ಪಾತ್ರೆ ಅಂಗಡಿ ಪಂಚಾಕ್ಷರಪ್ಪನಿಗೆ ಸರಿ ಇರೋ ನಾಣ್ಯ ಬೇಡವಂತೆ, ಕೆಟ್ಟಿದ್ದೇ ಬೇಕಂತೆ ಅಂತ. ನಗ್ಲಿ. ಅಚ್ಚು ಪಕ್ಕಕ್ಕೆ ಸರಿದು ಅರ್ಧ ಮುಖ ಖಾಲಿ ಬಿದ್ದಿರೋದು ಐತೆ ನನ್ನ ಹತ್ರ. ಅಚ್ಚಿನ ಅಂಚಿನ ಚೂರು ಉದುರಿ, ಆ ಜಾಗದಾಗೆ ಒಂದು ಬೆಳ್ಳಿ ಮುದ್ದೆ ಕುಂತಿರೋದು ಐತೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟ್ಕೊಂಡು ಬಿಟ್ಟು, ಮುಂದಿನ ನಾಣ್ಯದ ಮೇಲೆ ಒಂದು ಕಡೆ ರಾಜ ಉಬ್ಬಿ ನಿಂತು, ಇನ್ನೊಂದು ಕಡೆ ಅದೇ ರಾಜ ಗುಳಿ ಬಿದ್ದು ಒಳಗೆ ಹೋಗಿರೋದೂ ಐತೆ. ಸರಿ ಇರೋವು ರಾಶಿ ರಾಶಿ ಸಿಗ್ತಾವೆ ಅಕ್ಕ. ತಪ್ಪಾಗಿ ಬಂದಿದ್ದನ್ನ ಟಂಕಸಾಲೆಯೋರು ಕರಗಿಸಿಬಿಡ್ತಾರೆ. ಅವರ ಕಣ್ಣು ತಪ್ಪಿಸಿ, ಇಷ್ಟು ಕೈ ದಾಟಿ, ಇಷ್ಟು ಊರು ದಾಟಿ ನಮ್ಮ ಹೊಸದುರ್ಗದ ತನಕ ಬಂತು ಅಂದ್ರೆ ಅದೇನು ಸಾಮಾನ್ಯನಾ?

ಕೊಡಿಲ್ಲಿ. ಎಷ್ಟು ಹಾಳಾಗೈತೆ ನೋಡ್ತೀನಿ… ಕೊಡಕ್ಕ. ಮುಷ್ಟಿ ಬಿಚ್ಚು. ಯಾಕೆ ಹಂಗೆ ಹಿಡ್ಕೊಂಡೆ? ಸರಿ, ನಿನ್ನ ಕೈಯಾಗೇ ಇರ್ಲಿ. ನೀನೇ ನೋಡು. ನೋಡು ಅಂದೆ, ತಿರುಗಿಸು ಅನ್ಲಿಲ್ಲ! ಈ ಕಡೆ, ರಾಣಿ ಮುಖದ ಕಡೆ ನೋಡು ಸಾಕು. ಆ ಕಡೆ ಹೂಬಳ್ಳಿ, ನಡುವೆ ಅಕ್ಷರ, ಇಸವಿ, ಅಷ್ಟೇ. ಏನೂ ಇಲ್ಲ ಆ ಕಡೆ.

ಕಾಣ್ತಾ? ಕಿರೀಟದಿಂದ ಹೊಂಟು, ಕೆನ್ನೆ ಮೇಲೆ ಹಾದು, ತುಟಿ ಪಕ್ಕದಾಗೆ ಇಳಿದು ಅಂಚಿಗೆ ಸೇರೈತಲ್ಲ, ಆ ಗೆರೆ? ಬೆರಳಿಂದ ಸವರು. ಉಬ್ಬೈತೆ. ತಗ್ಗಲ್ಲ, ಉಬ್ಬು! ಅದು ಗೀರಲ್ಲ, ಯಾರೂ ಕೊಯ್ದಿದ್ದಲ್ಲ. ಟಂಕಸಾಲೆಯಾಗೆ ಉಕ್ಕಿನ ಅಚ್ಚು ಇರುತ್ತೆ. ಹೊಡೆದು ಹೊಡೆದು ಅದಕ್ಕೂ ಸಾಕಾಗಿ ಒಂದಿನ ಸೀಳು ಬಿಡುತ್ತೆ. ಆ ಸೀಳಿನೊಳಗೆ ಬೆಳ್ಳಿ ನುಗ್ಗಿ, ನಾಣ್ಯದ ಮೇಲೆ ಗೆರೆ ಆಗಿ ಎದ್ದು ನಿಲ್ಲುತ್ತೆ. ಸಣ್ಣ ಸಣ್ಣ ಗೆರೆ ಇರೋವು ಬೇಕಾದಷ್ಟು ಅವೆ. ಆದ್ರೆ ಇಷ್ಟು ಉದ್ದ, ಇಷ್ಟು ದಪ್ಪ, ರಾಣಿ ಮುಖಾನೇ ಎರಡು ಹೋಳು ಮಾಡಿರೋ ಅಂಥದ್ದು ಈ ಜಿಲ್ಲೆಯಾಗೆ ಇನ್ನೊಂದಿಲ್ಲ! ಜಿಲ್ಲೆ ಯಾಕೆ, ರಾಜ್ಯದಾಗೆ ಇದ್ರೆ ತೋರ್ಸಲಿ ನೋಡಾಣ! ಅಂಥದನ್ನ ತೊಳೆದೆಯಲ್ಲೇ ಅಕ್ಕ…

ಏನು ಹಂಗೆ ನೋಡ್ತೀಯ?

ಏನಕ್ಕ? ಮಾತಾಡು. ನಾನು ಕೂಗಾಡಿದ್ದಕ್ಕೆ ತಿರುಗಿಸಿ ಬೈಯಿ. 'ಯಾರ ಮೇಲೋ ನಿನ್ನ ಜೋರು' ಅನ್ನು. ನೀನು ಬೈದ್ರೆ ತಡ್ಕೊಂತೀನಿ, ಸುಮ್ಮನೆ ಕುಂತ್ರೆ ನನಗೆ ಆಗಲ್ಲ… ಓ. ಓಹೋಹೋ! ಈಗ ಗೊತ್ತಾಯ್ತು ನಿನ್ನ ತಲೆಯಾಗೆ ಏನು ಓಡ್ತೈತೆ ಅಂತ. ಇದು ಅವ್ವನ ರೂಪಾಯಿ ಅಂದ್ಕೊಂಡೆ, ಅಲ್ವಾ?

ಅಲ್ವಾ? ತಲೆನಾದ್ರೂ ಆಡ್ಸು!

ಸರಿ. ಮಾತಾಡಾಣ. ಅವ್ವನ ರೂಪಾಯಿಗೂ ಹಿಂಗೇ ಗೆರೆ ಇತ್ತು. ಇತ್ತು, ಇಲ್ಲ ಅನ್ನಲ್ಲ. 'ಕೆನ್ನೆ ಸೀಳಿದ ರಾಣಿ' ಅಂತಿದ್ಲು ಅವ್ವ. 'ಪಾಪ, ಇವಳಿಗೂ ಅತ್ತೆ ಕಾಟ ಇತ್ತು ಅಂತ ಕಾಣುತ್ತೆ' ಅಂತ ನಗಾಡ್ತಿದ್ಲು. ಅವಳ ಮದುವೆಯಾಗೆ ಅವರಪ್ಪ ಉಡಿ ಅಕ್ಕಿ ಜೊತೆ ಹಾಕಿ ಕಳಿಸಿದ ರೂಪಾಯಿ. ಎಲ್ಲಾ ಸರಿ. ಆದ್ರೆ ಅದು ಈಗ ಎಲ್ಲೈತೆ? ನೀನೇ ಹೇಳು. ಹೋದ ವರ್ಷ ಶ್ರಾವಣದಾಗೆ ಅವ್ವ ಲಿಂಗೈಕ್ಯ ಆಗೋ ಮುಂಚೆ ಯಾರ ಕೈ ಹಿಡ್ಕೊಂಡು ಹೇಳಿದ್ಲು? ನಿನ್ನ ಕೈ. 'ಗಂಗೂ, ನನ್ನ ರೂಪಾಯಿ ನನ್ನ ಹಣೆ ಮೇಲೇ ಇರ್ಲಿ. ಮಣ್ಣಿಗೆ ಇಡೋವಾಗ ತೆಗೀಬೇಡ್ರಿ. ನನ್ನ ಜೊತೆಗೇ ಬರ್ಲಿ' ಅಂತ. ವಿಭೂತಿ ಕಲಸಿ ಹಣೆಗೆ ಅಂಟಿಸಿದೋಳೂ ನೀನೇ. ಶ್ರೀರಾಂಪುರ ರಸ್ತೆ ತೋಟದಾಗೆ, ಅಪ್ಪನ ಪಕ್ಕ, ಎಲ್ಲರ ಮುಂದೆ ಆಯ್ತು. ಗುಂಡಿಯಾಗೆ ತೋಡಿದ ಗೂಡಿನೊಳಗೆ ಕೂರಿಸಿ, ಬಿಲ್ವಪತ್ರೆ ಹಾಕಿ, ವಿಭೂತಿ ಗಟ್ಟಿ ಇಟ್ಟು, ಉಪ್ಪು ಸುರಿದು, ಮಣ್ಣೆಳೆದು… ನಿನ್ನ ಗಂಡ ಮುರುಗೇಶ್ ಭಾವ ಮೇಲೇ ನಿಂತಿದ್ರು, ಕೇಳು ಬೇಕಾದ್ರೆ. ಮಣ್ಣೊಳಗೆ ಐತೆ ಅವ್ವನ ರೂಪಾಯಿ! ಅದು ಎದ್ದು ನಡ್ಕೊಂಡು ಬಂದು ನನ್ನ ವಿಭೂತಿ ಡಬ್ಬಿಯಾಗೆ ಮಲಗಿತಾ?

ಇದು ಬೇರೆ. ಬೇರೇನೇ ಇದು. ಹಿರಿಯೂರು ಸಂತೆಯಾಗೆ ಹಳೆ ಬೆಳ್ಳಿ ಇಟ್ಕೊಂಡು ಕೂರೋನು ಒಬ್ಬ ಅವ್ನೆ, ಮಾರಪ್ಪ ಅಂತ. ಕಾಲುಗೆಜ್ಜೆ, ಮುರಿದ ಡಾಬು, ಅಂಥದ್ರ ಜೊತೆ ಇದೂ ಬಿದ್ದಿತ್ತು. ನೋಡಿದ ತಕ್ಷಣ ಕೈಗೆ ಎತ್ಕೊಂಡೆ. ಅವ್ವನ ರಾಣಿನೇ! ಅದೇ ಗೆರೆ, ಅದೇ ಕೆನ್ನೆ! ಬಿಟ್ಟು ಬರಾಕೆ ಆಗುತ್ತಾ? ಅವ್ವನ ನೆನಪಿಗೆ ಇರ್ಲಿ ಅಂತ ತಗೊಂಡೆ. ಇಷ್ಟೇ ಕತೆ.

ಹುಬ್ಬು ಯಾಕೆ ಏರಿಸ್ತೀಯ? …ಈಗ ತಾನೆ ರಾಜ್ಯದಾಗೇ ಇನ್ನೊಂದಿಲ್ಲ ಅಂದ, ಈಗ ಎರಡು ಅಂತಾನೆ, ಅಂತನಾ? ಸಿಟ್ಟಿನಾಗೆ ಅಂದೆ ಕಣಕ್ಕ! ಸಿಟ್ಟಿನಾಗೆ ಅಂದಿದ್ದನ್ನೆಲ್ಲ ತಕ್ಕಡಿಗೆ ಹಾಕಿ ತೂಗ್ತೀಯಾ? ಇರ್ತಾವೆ, ಇಂಥವು ಇನ್ನೂ ಇರ್ತಾವೆ. ಅದನ್ನೇ ಹೇಳಾಕೆ ಹೊಂಟೆ ನಾನು, ನೀನು ಕೇಳಿಸ್ಕೊಂತಾ ಇಲ್ಲ. ಅಚ್ಚು ಒಂದು ಸಲ ಸೀಳಿತು ಅಂದ್ರೆ, ಆಮೇಲೆ ಅದರಾಗೆ ಹೊಡೆದ ನಾಣ್ಯಕ್ಕೆಲ್ಲ ಅದೇ ಗೆರೆ ಬರುತ್ತೆ. ಒಂದಕ್ಕಲ್ಲ, ಎಲ್ಲಕ್ಕೂ! ಅಚ್ಚು ಪೂರ್ತಿ ಮುರಿದು ಬೀಳೋ ತನಕ, ಇಲ್ಲ ಅಲ್ಲಿ ಯಾವನೋ ಕಣ್ಣಿದ್ದೋನು ನೋಡಿ ಎತ್ತಿ ಬಿಸಾಡೋ ತನಕ.

ಇನ್ನೂ ಹೆಂಗೆ ಹೇಳ್ಲಿ ನಿನಗೆ? ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತೀಯಲ್ಲ, ಗಿಣಿ ಅಚ್ಚು, ಮರದ್ದು? ಅದಕ್ಕೆ ಬಿರುಕು ಬಿಟ್ಟೈತೆ. ಬರೋ ಗಿಣಿಗೆಲ್ಲ ಹೊಟ್ಟೆ ಮೇಲೆ ಒಂದು ಸಕ್ಕರೆ ಗೆರೆ ಇರುತ್ತೆ. ಇರುತ್ತಾ ಇಲ್ವಾ? ಆ ಗೆರೆ ಇರೋ ಗಿಣಿ ನನ್ನ ಮನೆಯಾಗೂ ಇರುತ್ತೆ, ನಿನ್ನ ಓರಗಿತ್ತಿ ಭಾಗ್ಯನ ಮನೆಯಾಗೂ ಇರುತ್ತೆ. ಹಂಗಂತ ಭಾಗ್ಯ ನನ್ನ ಮನೆ ಗಿಣಿ ಕದ್ಲು ಅಂತೀಯಾ? ಗಿಣಿ ಬೇರೆ ಬೇರೆ, ಅಚ್ಚು ಒಂದೇ. ಅಷ್ಟೇ!

ಆದ್ರೆ ಹೊರಗೆ ಬಂದಮೇಲೆ ಆಗೋ ಪೆಟ್ಟು ಬೇರೆ. ಅಕ್ಕಸಾಲಿ ಬೆಸುಗೆ ಹಾಕಿದ್ದು, ಯಾರೋ ಕೆತ್ತಿದ್ದು, ಕಲ್ಲಿಗೆ ಬಿದ್ದು ಗುಳಿ ಆಗಿದ್ದು… ಅದು ಅಚ್ಚಿಂದ ಬಂದಿದ್ದಲ್ಲ. ಅದು ಆ ಒಂದೇ ನಾಣ್ಯದ ಗಾಯ. ಅದು ಉಬ್ಬಲ್ಲ, ತಗ್ಗಿರುತ್ತೆ. ಅಂಥದ್ದು ಲೋಕದಾಗೆ ಇನ್ನೊಂದಕ್ಕೆ ಇರಲ್ಲ. ಇಷ್ಟು ಗೊತ್ತಿದ್ರೆ ನಾಣ್ಯ ನೋಡಾಕೆ ಬಂತು ಅಂತ ಲೆಕ್ಕ. ಸಣ್ಣ ಹುಡುಗರಿಗೂ ಹೇಳಿಕೊಟ್ಟಿದೀನಿ, ಅವರಿಗೆ ಅರ್ಥ ಆಗುತ್ತೆ.

ಮತ್ತೆ ಯಾಕೆ ತಿರುಗಿಸಾಕೆ ಹೋಗ್ತೀಯ? ಕೊಡು ಅಂದ್ರೆ ಕೊಡಲ್ಲ, ಬಿಡು ಅಂದ್ರೆ ಬಿಡಲ್ಲ. ಒದ್ದೆ ಕೈ, ಜಾರಿ ಬಚ್ಚಲಿಗೆ ಬಿತ್ತು ಅಂದ್ರೆ?

ಏನು ಮೂಸ್ತೀಯ? …ಗಂಧಕನಾ? ಹಬ್ಬ ಕಣಕ್ಕ! ಬೀದಿ ತುಂಬ ಪಟಾಕಿ ಹೊಡೀತಾ ಅವ್ರೆ ಹುಡುಗರು. ಗಂಧಕ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬರುತ್ತಾ? …ಕೈ ಮೂಸಿದ್ರೆ ಬರುತ್ತಾ? ತೊಳೆದ ನೀರಿನಾಗೂ ಬರುತ್ತಾ? ಗಾಳಿಯಾಗೆ ಇದ್ದ ಮೇಲೆ ನೀರಿನಾಗೂ ಬರುತ್ತೆ, ಅದಕ್ಕೇನು! ನಾನೇನು ಬೆಳ್ಳಿಗೆ ಗಂಧಕದ ಹೊಗೆ ಹಿಡಿದು ಕಪ್ಪು ಮಾಡಿದೀನಾ? ಹಂಗೆ ಮಾಡೋ ಮೋಸಗಾರರು ಅವ್ರೆ, ತೊಳೆದ ನಾಣ್ಯಕ್ಕೆ ಹೊಗೆ ಹಾಕಿ ಹಳೆ ಬಣ್ಣ ಬರ್ಸೋರು. ಅಂಥೋರ ಜೊತೆ ನನ್ನ ಸೇರಿಸ್ಬೇಡ. ಒಂದೇ ಉಜ್ಜಿಗೆ ಕಪ್ಪೆಲ್ಲ ಹೋಯ್ತು ಅಂದ್ರೆ… ನಿನ್ನ ಕೈ ಅಂಥದ್ದು. ಚಿಕ್ಕಂದಿನಿಂದ ತಿಕ್ಕಿ ತಿಕ್ಕಿ ಪಳಗಿದ ಕೈ.

ನಾನು ಯಾಕೆ ನಿಂತ್ಕೊಂಡು ಜವಾಬು ಹೇಳ್ತಿದೀನಿ? ನಾನೇನು ಕಟಕಟೆಯಾಗೆ ಇದೀನಾ? ನನ್ನ ಮನೆ, ನನ್ನ ಡಬ್ಬಿ, ನನ್ನ ನಾಣ್ಯ. ತಪ್ಪು ಮಾಡಿದೋಳು ನೀನು, ತೊಳೆದೋಳು ನೀನು! ಈಗ ನೋಡಿದ್ರೆ ಬೆವರ್ತಾ ಇರೋನು ನಾನು.

ಡಬ್ಬಿ ಯಾಕೆ ತೋರಿಸ್ತೀಯ? ವಿಭೂತಿ ಡಬ್ಬಿಯಾಗೆ ಯಾಕೆ ಇಟ್ಟೆ ಅಂತನಾ? ಮಿಕ್ಕಿದ್ದೆಲ್ಲ ಅಂಗಡಿಯಾಗೆ ಆಲ್ಬಮ್ಮಿನಾಗೆ ಮೆರೀತಾ ಅವೆ, ಇದೊಂದಕ್ಕೆ ಯಾಕೆ ಈ ಗತಿ ಅಂತನಾ? ಜಾಗ ಇರ್ಲಿಲ್ಲ! ಆಲ್ಬಮ್ ತುಂಬಿತ್ತು. ದುರ್ಗದಾಗೆ ತಗೊಂಡಿದ್ದು, ಬರೋವಾಗ ಬಸ್ಸಿನಾಗೆ ರಶ್ಶು, ಜೇಬಿನಾಗೆ ಭದ್ರವಾಗಿ ಇಟ್ಕೊಂಡು ಬಂದು, ಕಾಲು ತೊಳ್ಕೊಂಡು ದೇವರ ಮನೆಗೆ ಹೋದೋನು ಅಲ್ಲೇ ಡಬ್ಬಿಗೆ ಹಾಕಿಟ್ಟೆ. ಆಮೇಲೆ ಮರೆತೆ.

…ಏನು? ಹಿರಿಯೂರು ಅಂದಿದ್ನಾ? ಹಿರಿಯೂರೇ. ಮಾರಪ್ಪ ಹಿರಿಯೂರೋನು. ದುರ್ಗಕ್ಕೆ ಬಂದಿದ್ದ ಅವತ್ತು. ಅದಕ್ಕೆ ದುರ್ಗ ಅಂದೆ. ಮನುಷ್ಯ ಒಂದು ಊರಿಂದ ಇನ್ನೊಂದು ಊರಿಗೆ ಹೋಗ್ಬಾರದಾ? ಬಸ್ಸಿಲ್ವಾ?

ಹಂಗೆ ನೋಡಬೇಡ ಅಕ್ಕ. ಅವ್ವ ನೋಡ್ದಂಗೆ ನೋಡ್ತೀಯ. ಮೊದಲು ಹಂಗಿರ್ಲಿಲ್ಲ ನೀನು. ಅವಳು ಹೋದಮೇಲೆ ಅವಳ ಕಣ್ಣು ನಿನಗೆ ಬಂದೈತೆ.

ಒಂದು ಮಾತು ಹೇಳ್ತೀನಿ ಕೇಳು. ಅವ್ವ ಹೋದ ವರ್ಷ ನಾವು ಹಬ್ಬ ಹಿಡೀಲಿಲ್ಲ. ಅವಳಿಲ್ದೆ ಮಾಡ್ತಿರೋ ಮೊದಲ್ನೇ ದೀಪಾವಳಿ ಇದು. ಸಂಜೆ ಅಂಗಡಿಯಾಗೆ ಪೂಜೆ. ನೀನು ಬರ್ತೀಯೋ ಇಲ್ವೋ ಅಂತ ನನಗೆ ದಿಗಿಲಿತ್ತು. ಅಪ್ಪ ಇಲ್ಲ, ಅವ್ವ ಇಲ್ಲ, 'ಪಂಚಾಕ್ಷರಿ ಉಂಡ್ಯಾ' ಅಂತ ಕೇಳೋರು ಅಂತ ಉಳಿದಿರೋಳು ನೀನೊಬ್ಬಳು. ನಿನ್ನೆ ನೀನು ಬಸ್ ಸ್ಟ್ಯಾಂಡಿನಾಗೆ ಚೀಲ ಹಿಡ್ಕೊಂಡು ಇಳಿದಿದ್ದು ನೋಡಿ ನನಗೆ ಅಳು ಬಂತು. ಸುಳ್ಳಲ್ಲ. ಇವತ್ತು ನೀನು ಒಂದು ಗೆರೆ ನೋಡಿ, ನನ್ನ ತಮ್ಮ ಕಳ್ಳ, ಹೆತ್ತವ್ವನ ಹಣೆಗೆ ಕೈ ಹಾಕಿದೋನು ಅಂತ ಮನಸ್ಸಿನಾಗೆ ಇಟ್ಕೊಂಡು ಈ ಮೆಟ್ಟಿಲು ಇಳಿದ್ರೆ, ಮತ್ತೆ ಹತ್ತಲ್ಲ ನೀನು. ನನಗೆ ಗೊತ್ತು ನಿನ್ನ. ಅದಕ್ಕೇ ಇಷ್ಟು ಬಡ್ಕೊಂತಿದೀನಿ! ಇಲ್ದಿದ್ರೆ ಒಂದು ರೂಪಾಯಿಗೆ ಯಾರು ಇಷ್ಟು ಮಾತಾಡ್ತಾರೆ?

ಅವ್ವನಿಗೂ ನಿನ್ನ ಮೇಲೇ ನಂಬಿಕೆ. ಯಾವಾಗ್ಲೂ! ಹಬ್ಬ ಬಂದ್ರೆ ಪೆಟ್ಟಿಗೆ ತೆಗೆದು, 'ಗಂಗೂ, ಬಾರೇ ರಾಣಿ ತೊಳಿ' ಅಂತ ನಿನ್ನ ಕೂಗ್ತಿದ್ಲು. ನಾನು ಪಕ್ಕದಾಗೆ ಕುಕ್ಕರಗಾಲಿನಾಗೆ ಕುಂತು ಕೈ ಚಾಚಿದ್ರೆ, 'ನೀನು ಮುಟ್ಟಬೇಡ, ಬೀಳಿಸ್ತೀಯ' ಅಂತ ಕೈ ಮೇಲೆ ಹೊಡೀತಿದ್ಲು. ಆಮೇಲೆ ಮದುವೆ ಆದೆ, ಅಂಗಡಿ ಇಟ್ಟೆ, ನಾಣ್ಯ ಅಂದ್ರೆ ಹೊಳಲ್ಕೆರೆ, ಹಿರಿಯೂರಿಂದ ಜನ ನನ್ನ ಹುಡುಕ್ಕೊಂಡು ಬರೋ ಹಂಗೆ ಆಯ್ತು. ಆಗ್ಲೂ ಕೊಡ್ಲಿಲ್ಲ! 'ಅವ್ವಾ, ಒಂದು ಸಲ ಕೊಡು, ಭೂತಕನ್ನಡಿ ಹಿಡಿದು ಆ ಗೆರೆ ನೋಡ್ತೀನಿ' ಅಂತ ಬೇಡ್ಕೊಂಡಿದೀನಿ. 'ಸತ್ತಮೇಲೆ ನೋಡ್ಕೊ' ಅಂದ್ಲು. ಅಂದ್ಲಾ ಇಲ್ವಾ? ನೀನೂ ಇದ್ದೆ. ಸತ್ತಮೇಲೆ ನೋಡ್ಕೊ ಅಂದೋಳು ಸಾಯೋವಾಗ ಜೊತೆಗೇ ತಗೊಂಡು ಹೊಂಟ್ಲು! ಇದ್ಯಾವ ನ್ಯಾಯ? ಆ ಗೆರೆಗೆ ಏನು ಹೆಸ್ರು, ಯಾಕೆ ಬಂತು, ಹೆಂಗೆ ಬಂತು, ಅದರ ಬೆಲೆ ಏನು ಅಂತ ಅರಿತಿದ್ದೋನು ಆ ಮನೆಯಾಗೆ ನಾನೊಬ್ನೇ! ನಿಮಗೆ ಅದು ತೊಳೆಯೋ ಬೆಳ್ಳಿ ಅಷ್ಟೇ!

…ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೆನಪಾಯ್ತು, ಹೇಳಿದೆ. ನಾನು ಹೇಳ್ತಿರೋದು ಅಚ್ಚಿನ ವಿಷಯ. ಒಂದೇ ಅಚ್ಚು, ನಾಣ್ಯ ಎಷ್ಟೋ. ಅದೊಂದು ನಿನ್ನ ತಲೆಗೆ ಹೋದ್ರೆ ಸಾಕು, ಈ ಜಗಳ ಇಲ್ಲಿಗೇ ಮುಗಿಯುತ್ತೆ.

ತೋರ್ಸು, ಕೈ ತೋರ್ಸು. ಅದಲ್ಲ, ಆ ಮುಷ್ಟಿ ನೀನೇ ಇಟ್ಕೊ. ಎಡಗೈ. ಹೆಬ್ಬೆರಳು. ಹಾಂ! ನಿನ್ನ ಕೈಯಾಗೇ ಐತಲ್ಲ ಪಾಠ, ನಾನು ಗಿಣಿ ಪುರಾಣ ಹೇಳ್ತಾ ಕುಂತೆ. ಈ ಉಗುರಿನ ನಡುವೆ ಬುಡದಿಂದ ತುದಿ ತನಕ ಗೆರೆ ಐತಲ್ಲ, ಏನಿದು? ಚಿಕ್ಕೋಳಿದ್ದಾಗ ಕಲ್ಲೇಟು ಬಿದ್ದಿದ್ದು. ಏಟು ಬಿದ್ದ ಉಗುರು ಅವತ್ತೇ ಕಪ್ಪಾಗಿ ಉದುರಿ ಹೋಯ್ತು. ಆಮೇಲೆ ಎಷ್ಟು ಸಲ ಬೆಳೀತು, ಎಷ್ಟು ಸಲ ಕತ್ತರಿಸಿದೆ? ಆದ್ರೂ ಬರೋ ಉಗುರೆಲ್ಲ ಈ ಗೆರೆ ಹೊತ್ಕೊಂಡೇ ಬರುತ್ತೆ. ಯಾಕೆ? ಉಗುರಿಗೆ ಏನೂ ಆಗಿಲ್ಲ ಅಕ್ಕ, ಒಳಗೆ ಬುಡ ಒಡೆದೈತೆ. ಅಚ್ಚು ಒಡೆದೈತೆ! ನೀನಿರೋ ತನಕ ಬರೋದೆಲ್ಲ ಹಂಗೇ! ಇದೇ, ಇದನ್ನೇ ನಾನು ಆಗ್ಲಿಂದ ಹೇಳ್ತಿರೋದು! ನಗು ಈಗ, ನಗು! ಅವತ್ತು ಎಷ್ಟು ರಕ್ತ! ಅವ್ವನ ರಾಣಿನ ಕೊರಳಿಗೆ ಕಟ್ಕೊತೀನಿ ಅಂತ ಹಠ ನಿಂದು, ಅವ್ವ ಕೆರೆಗೆ ಬಟ್ಟೆ ಒಗೆಯಾಕೆ ಹೋಗಿದ್ಲು, ನೀನು ಪೆಟ್ಟಿಗೆಯಿಂದ ಕದ್ದು ತೆಗೆದು, ಒರಳಿನ ಮೇಲೆ ಮಗುಚಿ ಇಟ್ಟು, ದಾರ ಪೋಣ್ಸಾಕೆ ತೂತು ಹಾಕ್ಬೇಕು ಅಂತ ಮೊಳೆ ಇಟ್ಟು ಕಲ್ಲೆತ್ತಿ… ಮೊದಲ್ನೇ ಏಟು ಮೊಳೆಗೆ ಬಿತ್ತು, ಎರಡನೇದು ಬೆರಳಿಗೆ…

ಮೊದಲ್ನೇ ಏಟು…

…

ಅಕ್ಕ.

ತಿರುಗಿಸಬೇಡ.

ತಿರುಗಿಸಬೇಡ ಅಂದೆ ಕಣಕ್ಕ…

ಅದು… ಆ ಗುಳಿ… ಅದೂ ಅಚ್ಚಿಂದೇ ಇರ್ಬೇಕು. ಹೂಬಳ್ಳಿ ಪಕ್ಕದಾಗೆ ಹಂಗೆ ಬರ್ತಾವೆ ಒಂದೊಂದು. ಬೆರಳು ತೆಗಿ. ಯಾಕೆ ಆ ಹೆಬ್ಬೆರಳನ್ನ ತಂದು ಅದ್ರ ಪಕ್ಕಾನೇ ಇಡ್ತೀಯ? ಅಚ್ಚಿಂದೇ ಅಂದ್ನಲ್ಲ… ಸವರಬೇಡ. ಹೌದು, ತಗ್ಗೈತೆ. ಉಬ್ಬಲ್ಲ. ನಾನೇ ಹೇಳ್ದೆ. ನಾನೇ ಹೇಳ್ದೆ, ಗೊತ್ತು! ಕಪ್ಪು ಹಿಡಿದಿದ್ದಾಗ ಅದು ಕಾಣ್ತಿರ್ಲಿಲ್ಲ. ಒಂದು ವರ್ಷ ಕಾಣ್ಲಿಲ್ಲ! ಯಾಕೆ ತೊಳೆದೆ? ಯಾಕೆ ತೊಳೆದೆ ನೀನು?

ಏನಾದ್ರೂ ಅನ್ನು! ಅನ್ನಕ್ಕ! ಕಳ್ಳ ಅನ್ನು!

ಹೂಂ, ಹೌದು! ಏನೀಗ? ಮಣ್ಣಿಗೆ ಹಾಕ್ಬೇಕಿತ್ತಾ ಅದನ್ನ? ಮಣ್ಣಿಗೆ! ಗೆದ್ದಲು ಬಂದು ಭೂತಕನ್ನಡಿ ಹಿಡಿದು ನೋಡುತ್ತಾ ಅಚ್ಚು ಒಡೆದಿದ್ದನ್ನ? ಗೂಡಿನೊಳಗೆ ನಾನೊಬ್ನೇ ಇದ್ದೆ. ಮೇಲೆ ನಿಂತೋರಿಗೆ ನನ್ನ ಬೆನ್ನು ಕಾಣ್ತಿತ್ತು. ಪತ್ರೆ ಸರಿ ಮಾಡಾಕೆ ಬಗ್ಗಿದೆ, ಕಣ್ಣೆದುರಿಗೇ ಇತ್ತು. ಆ ಗಳಿಗೆಯಾಗೆ ಏನಾಯ್ತೋ ನನಗೇ ಗೊತ್ತಿಲ್ಲ, ಕೈ ತಾನಾಗೇ ಹೋಯ್ತು. ಮಾರಾಕಲ್ಲ ಅಕ್ಕ, ಆಣೆ ಮಾಡ್ತೀನಿ, ಮಾರಾಕಲ್ಲ! ಏನು ಸುಖ ಬಂತು ಅದ್ರಿಂದ? ಆಲ್ಬಮ್ಮಿಗೆ ಹಾಕಾಕೆ ಆಗ್ಲಿಲ್ಲ, ಒಬ್ಬರಿಗೆ ತೋರ್ಸಾಕೆ ಆಗ್ಲಿಲ್ಲ. ದಿನಾ ವಿಭೂತಿ ಹಚ್ಕೊಳಾಕೆ ಡಬ್ಬಿಗೆ ಬೆರಳು ಹಾಕಿದ್ರೆ ತಳದಾಗೆ ತಣ್ಣಗೆ ತಗಲೋದು. ಇನ್ನೇನು ಬೇಕು ನಿನಗೆ?

ಎಲ್ಲಿಗೆ ಎದ್ದೆ? …ಚೀಲ ಯಾಕೆ ತಗೊಂಡೆ? ಊಟ ಮಾಡ್ಕೊಂಡು ಹೋಗು. ಹಬ್ಬದ ದಿನ ಮನೆ ಹೆಣ್ಮಗಳು ಉಣ್ಣದೆ ಹೋಗ್ಬಾರದು. ಉಷಾ, ಬಾರೇ! ಅಕ್ಕ ಹೊಂಟಿದಾಳೆ, ಹಿಡ್ಕೊಳೇ! ರೂಪಾಯಿ ತಗೊಂಡು ಹೋಗು, ಬೇಡ ಅನ್ನಲ್ಲ. ಇಲ್ಲಾಂದ್ರೆ ತೋಟಕ್ಕೆ ಹೋಗಾಣ, ಈಗ್ಲೇ ಹೋಗಾಣ, ನಾನೇ ಅಗೀತೀನಿ. ಅಕ್ಕಾ!

…ನಿಂತೆಯಲ್ಲ. ನಿಂತ್ಕೊ. ಅಷ್ಟೇ ಸಾಕು. ಬೈಯಿ ಈಗ.

ಯಾಕೆ ಹಣೆ ಮುಟ್ಟಿ ತೋರಿಸ್ತೀಯ? ಏನು? …ಅವ್ವನ ಹಣೆನಾ? ಏನು ಕೇಳ್ತಿದೀಯ… ಓ.

ಅದನ್ನ ಕೇಳಬೇಡ ಅಕ್ಕ. ಬೇರೆ ಏನಾದ್ರೂ ಕೇಳು.

…ಖಾಲಿ ಬಿಡ್ಲಿಲ್ಲ. ಖಾಲಿ ಕಳಿಸ್ಲಿಲ್ಲ ಅವ್ವನ್ನ. ಅಷ್ಟು ಕೆಟ್ಟೋನಲ್ಲ ನಾನು. ರೂಪಾಯಿನೇ ಇಟ್ಟೆ. ಈಗಿನ ರೂಪಾಯಿ, ಸ್ಟೀಲಿಂದು. ಅವತ್ತು ಬೆಳಿಗ್ಗೆನೇ ಅಂಗಡಿ ಬಾಗಿಲು ತೆಗೆದು, ಹುಡುಕಿ, ಆರಿಸಿ ಜೇಬಿಗೆ ಹಾಕ್ಕೊಂಡು ಬಂದಿದ್ದೆ. ಹೊಸದು ಅಕ್ಕ. ಫಳಫಳ ಅಂತಿತ್ತು. ಎಲ್ಲೂ ಒಂದು ಗೆರೆ ಇರ್ಲಿಲ್ಲ.